ಖಸ್ಸಿ ಅಂದದ್ದು ಯಾರಿಗೆ?

ಪಂದ್ಯಾವಳಿಯ ಶಿಸ್ತು ಸಮಿತಿಯ ಮಾನ್ಯ ಅಧ್ಯಕ್ಷರೇ,

ಕೇಂದ್‌ಟೋಲಿ ಹುಡುಗಿಯರ ತಂಡದ ಗೋಲ್‌ಕೀಪರ್ ಪ್ರಿಸ್ಕಾ ಕುಲ್ಲು ಫೈನಲ್ ಪಂದ್ಯದ ಅಂಪೈರನ್ನು ‘ಖಸ್ಸಿ’ ಎಂದು ನಿಂದಿಸಿದಳೆಂದು ತಾವು ಅವಳನ್ನು ಒಂದು ವರ್ಷ ಆಟದಿಂದ ಹೊರಗಿಟ್ಟಿದ್ದೀರಿ. ಅವಳು ಅಂಪೈರನ್ನು ಹಾಗೆ ಅನ್ನಲಿಲ್ಲ. ಖಸ್ಸಿಯನ್ನೇ ಖಸ್ಸಿ ಎಂದಳು. ಈ ಸಣ್ಣ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಲು ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆದ ಕಾರಣ ಈಗ ಪತ್ರಿಕೆಯ ಮೂಲಕ ಬರುತ್ತಿದ್ದೇನೆ.

ನಾನು ಹುಡುಗಿಯ ಕಾಕಾ. ಪಕ್ಷಪಾತಿ ಎಂದು ತಾವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಆದರೆ ಕಾಕಾ ಆಗುವುದಕ್ಕೂ ಮೊದಲಿನಿಂದ ನಾನು ಹಾಕಿಯ ಹುಚ್ಚ. ಸುತ್ತಲಿನ ಯಾವ ಹಳ್ಳಿಯಲ್ಲಿ ಚೆಂಡು ಉರುಳಿದರೂ ಬೇಲಿಯ ಪಕ್ಕ ನಾನಿರುತ್ತೇನೆ. ಗದ್ದೆ ಕೊಯ್ಲು ಕಾಯುತ್ತದೆ, ಪಂದ್ಯ ಕಾಯುವುದಿಲ್ಲ ಎಂದು ವಾದಿಸಿ ಹೆಂಡತಿಯಿಂದ ಬೈಸಿಕೊಂಡವನು. ನನಗೆ ಆ ಬೇಲಿ ಬಿಟ್ಟರೆ ಬೇರೆ ಸುಖವಿಲ್ಲ.

ನಮ್ಮ ತಂಡ ಚೆನ್ನಾಗಿ ಆಡಿತು ಎಂದೂ ನಾನು ವಾದಿಸುತ್ತಿಲ್ಲ. ನಮ್ಮ ಫಾರ್ವರ್ಡ್‌ಗಳು ಚೆಂಡಿನ ಹಿಂದೆ ಹೋದ ರೀತಿ ಮದುವೆಗೆ ಕರೆಯಲು ಹೊರಟವರ ಹಾಗಿತ್ತು. ಅವಸರವೇ ಇಲ್ಲ, ದಾರಿಯಲ್ಲಿ ಸಿಕ್ಕವರ ಕುಶಲ ಬೇರೆ. ಸಿಕ್ಕ ಪೆನಾಲ್ಟಿ ಕಾರ್ನರ್‌ಗಳನ್ನೆಲ್ಲ ಕಂಬದ ಆಚೆ ದಾನ ಮಾಡಿದರು. ಪಂದ್ಯ ಮುಗಿಯುತ್ತ ಬಂದರೂ ಸರ್ಜಮ್‌ಡೀಹ ತಂಡದವರು ಒಂದು ಗೋಲನ್ನೂ ಹೊಡೆಯದೆ ಉಳಿದಿದ್ದರೆ ಅದಕ್ಕೆ ಕಾರಣ ಪ್ರಿಸ್ಕಾ ಒಬ್ಬಳೇ. ಮೈಗೆ ಬಿದ್ದ ಚೆಂಡಿನ ಪೆಟ್ಟುಗಳನ್ನು ಅವಳ ತಾಯಿ ಆಮೇಲೆ ಕಾಸಿದ ಎಣ್ಣೆ ಹಚ್ಚಿ ನೀವಬೇಕಾಯಿತು.

ಇನ್ನು ಖಸ್ಸಿಯ ವಿಷಯ. ತಾವು ಇತ್ತೀಚೆಗಷ್ಟೇ ಈ ಕಡೆಗೆ ವರ್ಗವಾಗಿ ಬಂದವರು, ಆದ್ದರಿಂದ ವಿವರಿಸುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಾಕಿ ಗೆದ್ದವರಿಗೆ ಕಪ್ ಕೊಡುವುದಿಲ್ಲ. ಖಸ್ಸಿ ಕೊಡುತ್ತಾರೆ, ಅಂದರೆ ಬೀಜ ಒಡೆದು ಕೊಬ್ಬಿಸಿದ ಹೋತ. ಪಂದ್ಯಕ್ಕೆ ಮೊದಲು ಅದಕ್ಕೆ ಚೆಂಡುಹೂವಿನ ಹಾರ ಹಾಕಿ ಮೈದಾನದ ಸುತ್ತ ಮೆರವಣಿಗೆ ಮಾಡುತ್ತಾರೆ. ತಂಡದ ನಾಯಕರ ಹೆಸರು ಮರೆತವರೂ ಖಸ್ಸಿಯ ಬಣ್ಣ ಮರೆಯುವುದಿಲ್ಲ. ಸೋತವರಿಗೆ ಹುಂಜ. ಹೀಗಿರುವಾಗ ಒಬ್ಬ ಅಂಪೈರನ್ನು ಯಾರಾದರೂ ಮೊದಲ ಬಹುಮಾನದ ಹೆಸರಿನಿಂದ ಕರೆದರೆಂದೇ ಇಟ್ಟುಕೊಳ್ಳಿ, ಅವರು ಸಂತೋಷಪಡಬೇಕಲ್ಲವೇ? ಹುಂಜ ಎಂದಿದ್ದರೆ ಕೋಪ ಬರುವುದು ನ್ಯಾಯ.

ಆ ದಿನ ಖಸ್ಸಿಯನ್ನು ಮೈದಾನದ ಮೂಲೆಯ ಸಾಲ್ ಮರಕ್ಕೆ ಕಟ್ಟಿದ್ದರು. ಕಾಯಬೇಕಿದ್ದ ಬುಧ್ವಾ ಹಂಡಿಯಾ ಎಂಬ ಅಕ್ಕಿ ಹೆಂಡ ಕುಡಿಯಲು ಹೋದ. ಖಸ್ಸಿ ಹಗ್ಗ ಕಿತ್ತುಕೊಂಡು, ಹಾರದ ಸಮೇತ, ಮೈದಾನಕ್ಕೆ ಬಂತು. ಬಂದದ್ದು ಅಂಪೈರ್ ಸಾಹೇಬರ ಬೆನ್ನ ಹಿಂದಿನಿಂದ. ಸಾಹೇಬರಿಗೆ ಕಾಣಲಿಲ್ಲ. ಗೋಲಿನಲ್ಲಿ ನಿಂತವಳಿಗೆ ಕಾಣಿಸಿತು. ಅವಳು ಸ್ಟಿಕ್ ಚಾಚಿ ತೋರಿಸುತ್ತ ಗಂಟಲು ಹರಿಯುವಂತೆ ಕೂಗಿದಳು: “ಖಸ್ಸಿ! ಖಸ್ಸಿ! ಆ ಖಸ್ಸಿನ ಆಚೆ ಅಟ್ರೇ ಯಾರಾದ್ರೂ!”

ಆ ಸ್ಟಿಕ್ಕಿನ ನೇರದಲ್ಲಿ ಮೊದಲು ಸಾಹೇಬರು, ಆಮೇಲೆ ಖಸ್ಸಿ. ಸಾಹೇಬರು ತಮ್ಮ ಹಿಂದೆ ಇನ್ನೊಬ್ಬರು ಇರಬಹುದೆಂದು ಯೋಚಿಸಲಿಲ್ಲ.

ಅಷ್ಟರಲ್ಲಿ ಸರ್ಜಮ್‌ಡೀಹದ ಹುಡುಗಿ ಗೋಲಿನ ಮುಂದಿನ ಡಿ ವೃತ್ತದ ಹೊರಗಿನಿಂದಲೇ ಚೆಂಡು ಬೀಸಿದಳು. ಖಸ್ಸಿ ಆ ಹೊತ್ತಿಗೆ ವೃತ್ತದೊಳಗೆ ಬಂದು ನಿಂತಿತ್ತು. ಚೆಂಡು ಅದರ ಹಿಂಗಾಲಿಗೆ ಬಡಿದು, ದಿಕ್ಕು ಬದಲಿಸಿ, ಗೋಲಿನೊಳಗೆ ಹೋಯಿತು. ಪ್ರಿಸ್ಕಾಳನ್ನೇ ದುರುಗುಟ್ಟಿ ನೋಡುತ್ತಿದ್ದ ಸಾಹೇಬರು ಸೀಟಿ ಊದಿ ಗೋಲು ಕೊಟ್ಟರು. ಕೂಡಲೇ ಕೆಂಪು ಕಾರ್ಡ್ ತೆಗೆದು ಪ್ರಿಸ್ಕಾಳನ್ನು ಹೊರಗೆ ಕಳಿಸಿದರು. ನಿಯಮದ ಪ್ರಕಾರ ದಾಳಿ ಮಾಡುವ ತಂಡದವರೊಬ್ಬರ ಸ್ಟಿಕ್ ವೃತ್ತದೊಳಗೆ ಚೆಂಡನ್ನು ಮುಟ್ಟಿದರೆ ಮಾತ್ರ ಗೋಲು. ಮುಟ್ಟಿದ್ದು ಖಸ್ಸಿ. ಅದು ಸರ್ಜಮ್‌ಡೀಹ ತಂಡದ ಆಟಗಾರ್ತಿಯೆಂದು ಯಾವಾಗ ನೋಂದಣಿಯಾಯಿತು? ಅದರ ಕೈಯಲ್ಲಿ ಸ್ಟಿಕ್ ಇತ್ತೇ? ಈ ಪ್ರಶ್ನೆಗಳನ್ನು ಅಂದೇ ಕೇಳಬಹುದಿತ್ತು. ಆದರೆ ಗೆದ್ದವರು ಸಂಜೆಯೇ ಸಾಕ್ಷಿಯನ್ನು ಕೊಯ್ದು ಬೇಯಿಸಿದರು. ಆ ಊಟಕ್ಕೆ ತಾವೂ ಕೂತಿದ್ದಿರಂತೆ. ಸಾಕ್ಷಿ ರುಚಿಯಾಗಿತ್ತೆಂದು ಕೇಳಿದೆ.

ಗೋಲು ಹೋಗಲಿ. ತಿಂದದ್ದು ವಾಪಸ್ ಬರುವುದಿಲ್ಲ. ನನ್ನ ತಕರಾರು ವಿಚಾರಣೆಯ ಬಗ್ಗೆ. ತಮ್ಮ ಕಚೇರಿಯಲ್ಲಿ ಅಂದು ನಡೆದದ್ದು ನನಗೆ ಚೆನ್ನಾಗಿ ನೆನಪಿದೆ.

ಅಂಪೈರ್ ಸಾಹೇಬರು ಹೇಳಿದರು: “ನೋಡಿ ಸರ್, ಖಸ್ಸಿ ಅಂದ್ರೆ ಏನು ಅಂತ ನಂಗೊತ್ತಿಲ್ವಾ? ನಮ್ಮ ಕಡೆ ಗಂಡಸಲ್ಲದವನಿಗೆ ಅಂತಾರೆ. ಅಷ್ಟು ಜನರ ಮುಂದೆ, ಕೋಲು ತೋರ್ಸಿ ಅಂದ್ಳು.”

ಪ್ರಿಸ್ಕಾ ಎಂದಳು: “ಸರ್, ಅದು ನಿಮ್ ಹಿಂದೆ ಇತ್ತು.”

“ನನ್ನ ಹಿಂದೆ ಏನೂ ಇರ್ಲಿಲ್ಲ.”

“ಹಾರ ಹಾಕ್ಕೊಂಡಿತ್ತು ಸರ್.”

ತಾವು ಮೇಜು ಕುಟ್ಟಿ “ತಮಾಷೆ ಬೇಡ” ಎಂದಿರಿ. ಅವಳು ತಮಾಷೆ ಮಾಡಿರಲಿಲ್ಲ, ಹಾರ ಇತ್ತು. ಕೊನೆಗೆ ತಾವೇ ಕರುಣೆ ತೋರಿ ಹೀಗೆ ಹೇಳಿದಿರಿ: “ನೋಡಮ್ಮ, ತಪ್ಪಾಯ್ತು, ಅವರನ್ನ ಹಾಗೆ ಅಂದೆ ಅಂತ ಒಂದ್ಸಲ ಹೇಳ್ಬಿಡು. ಇಲ್ಲಿಗೇ ಮುಗಿಸ್ತೀನಿ.”

ನಾನು ಅವಳ ಭುಜ ತಟ್ಟಿದೆ. “ಹೇಳ್ಬಿಡು ಮಗಳೇ. ಬಾಯಿಮಾತು ತಾನೇ, ಏನು ಹೋಗತ್ತೆ?”

“ಹೇಳಿದ್ರೆ ನಾನು ಅಂದೆ ಅಂತ್ಲೇ ಆಗತ್ತೆ ಕಾಕಾ. ನಾನು ಅಂದಿಲ್ಲ.”

“ನಿನ್ನ ಸೆಲೆಕ್ಷನ್ ಇದೆ ಕಣೇ!”

“ಅಂದಿಲ್ಲ ಕಾಕಾ. ಏನ್ ಮಾಡ್ಲಿ ಈಗ?”

ಹೇಳಲಿಲ್ಲ. ತಾವು ಒಂದು ವರ್ಷ ಎಂದು ಬರೆದಿರಿ. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಹೆಮ್ಮೆಯೂ ಆಯಿತು.

ಶಿಸ್ತು ಬೇಕು, ಒಪ್ಪುತ್ತೇನೆ. ಅದಕ್ಕೇ ಕೇಳುತ್ತೇನೆ, ಫೈನಲ್ಲಿನ ಹಿಂದಿನ ದಿನ ಗಂಡಸರ ಪಂದ್ಯದಲ್ಲಿ ಚೆಂಡು ಎಲ್ಲೋ ಇರುವಾಗ ಎದುರಾಳಿಯ ಮೊಣಕಾಲಿಗೆ ಸ್ಟಿಕ್ಕಿನಿಂದ ಬಾರಿಸಿದ ಮಹಾಶಯನಿಗೆ ಇದೇ ಅಂಪೈರ್ ಎರಡೇ ನಿಮಿಷ ಹೊರಗಿಡುವ ಹಸಿರು ಕಾರ್ಡ್ ತೋರಿಸಿ “ಸ್ವಲ್ಪ ಕೂತು ಸುಧಾರಿಸ್ಕೊಳ್ಳಪ್ಪ” ಎಂದು ಬೆನ್ನು ಸವರಿ ಕಳಿಸಿದ್ದು ಯಾವ ಶಿಸ್ತು? ಪೆಟ್ಟು ತಿಂದವನು ಈಗಲೂ ಕುಂಟುತ್ತಿದ್ದಾನೆ. ಹೊಡೆದವನು ಶಾಮಿಯಾನ ಕೊಟ್ಟವರ ಅಳಿಯ, ಮುಂದಿನ ವಾರವೇ ಆಡುತ್ತಾನೆ. ಮೊಣಕಾಲಿಗಿಂತ ಅಂಪೈರರ ಮನಸ್ಸು ಬೇಗ ಮುರಿಯುತ್ತದೆಂದು ನಿಯಮಪುಸ್ತಕದಲ್ಲಿ ಇದ್ದರೆ ಆ ಪುಟ ತೋರಿಸಿ, ಸುಮ್ಮನಾಗುತ್ತೇನೆ.

ಬರುವ ಸೋಮವಾರ ಸರ್ಕಾರಿ ಹಾಕಿ ಹಾಸ್ಟೆಲ್ಲಿನ ಆಯ್ಕೆ. ಅಲ್ಲಿ ಊಟ ಇದೆ, ಶಾಲೆ ಇದೆ, ಹಸಿರು ಟರ್ಫ್ ಇದೆ. ಬಿದಿರಿನ ಬೇರು ಬಗ್ಗಿಸಿ ಮಾಡಿದ ಸ್ಟಿಕ್ಕಿನಿಂದ ಆಟ ಕಲಿತ ಹುಡುಗಿ ಅವಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಅವಳ ಅಕ್ಕ ದಿಲ್ಲಿಯಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯುತ್ತಾಳೆ, ಹೋದವಳು ಒಂದು ಕ್ರಿಸ್‌ಮಸ್ಸಿಗೂ ಬಂದಿಲ್ಲ. ಅವಳನ್ನು ಕರೆದೊಯ್ದ ಏಜೆಂಟ್ ಶಿಕ್ಷೆಯ ಸುದ್ದಿ ಕೇಳಿ ನಮ್ಮ ಅಂಗಳಕ್ಕೆ ಬಂದು ಕೂತು ಚಹಾ ಕುಡಿದು ಹೋದ. “ಇನ್ನು ಮನೇಲಿ ಕೂತು ಏನ್ ಮಾಡ್ತಾಳೆ ಭಾಭಿ?” ಎಂದು ಅವಳ ತಾಯಿಯನ್ನು ಕೇಳಿದ. ನನಗೆ ಭಯವಾಗಿದೆ, ಮಾನ್ಯರೇ. ಈ ಪತ್ರದಲ್ಲಿ ಉಳಿದದ್ದನ್ನೆಲ್ಲ ತಾವು ವ್ಯಂಗ್ಯವೆಂದು ಓದಿಕೊಳ್ಳಬಹುದು, ಈ ಮಾತನ್ನು ಬಿಟ್ಟು.

ತಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಅಂಪೈರರಿಗೆ ಅವಮಾನವಾಗಿದೆ ಎಂದು ದಾಖಲಾಗಿದೆ. ಅವಮಾನ ಮಾಡಿದವರು ಯಾರೂ ಇಲ್ಲ ಎಂದರೆ ಕಡತ ಮುಚ್ಚುವುದು ಹೇಗೆ? ಒಬ್ಬರಂತೂ ಬೇಕು. ಪ್ರಿಸ್ಕಾ ತಾನು ಅನ್ನದ ಮಾತನ್ನು ಒಪ್ಪುವವಳಲ್ಲ. ಆದ್ದರಿಂದ ನಾನು ಅನ್ನುತ್ತಿದ್ದೇನೆ. ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಈ ಪತ್ರಿಕೆಯ ಸಮಸ್ತ ಓದುಗರ ಎದುರಿನಲ್ಲಿ: ಅಂಪೈರ್ ಸಾಹೇಬರೇ, ತಾವು ಖಸ್ಸಿ. ಈ ಸಲ ತಮ್ಮ ಹಿಂದೆ ಯಾವ ಪ್ರಾಣಿಯೂ ಇಲ್ಲ.

ಅಂಪೈರನ್ನು ನಿಂದಿಸಿದ ಪ್ರೇಕ್ಷಕರನ್ನೂ ಒಂದು ವರ್ಷ ಎಲ್ಲ ಮೈದಾನಗಳಿಂದ ಹೊರಗಿಡಬಹುದು ಎಂದು ತಮ್ಮದೇ ನಿಯಮ ಹೇಳುತ್ತದೆ. ಸೋಮವಾರಕ್ಕೆ ಮೊದಲು ಹುಡುಗಿಯ ಹೆಸರು ಹೊಡೆದುಹಾಕಿ ಆ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಒಂದು ವರ್ಷ ಯಾವ ಬೇಲಿಯ ಹತ್ತಿರವೂ ಸುಳಿಯುವುದಿಲ್ಲ. ಅವಳು ಆಡುವ ಪಂದ್ಯಕ್ಕೂ ಬರುವುದಿಲ್ಲ.

ಇಂತಿ,
ಅಂಪೈರನ್ನು ಖಸ್ಸಿ ಎಂದ ಏಕೈಕ ವ್ಯಕ್ತಿ,
ಥೆಯೋದೋರ್ ಕುಲ್ಲು
ಕೇಂದ್‌ಟೋಲಿ