ಬಟ್ಟೆ ಮಾವ

ರಾಯಚೂರು
ಇಸವಿ 2174, ಎರಡನೆಯ ಶ್ರಾವಣ, ಮೂವತ್ತೆರಡನೆಯ ದಿನ

ಪೂರ್ಣಿಮಾ ಅಜ್ಜಿಗೆ,

ನನ್ನ ಮದುವೆಯಾಯಿತು ಅಜ್ಜಿ, ನಮ್ಮ ಮಾವನವರೂ ಬದುಕಿದರು, ಎರಡೂ ಒಂದೇ ದಿನ, ಒಂದೇ ಚಪ್ಪರದ ಕೆಳಗೆ. ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ ಒಟ್ಟಿಗೇ ಹೇಳಿಬಿಟ್ಟೆ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಬೆಳೆದಂತೆ ನಮ್ಮ ತಿಂಗಳುಗಳೂ ಬೆಳೆದಿವೆ. ನೀವೀಗ ಕೊಪ್ಪಳದ ಮನೆಗೆ ಬಂದ ಹೊಸ ಸೊಸೆ, ನನ್ನಷ್ಟೇ ವಯಸ್ಸಿನವರು. ನಿಮ್ಮನ್ನು ಅಜ್ಜಿ ಎನ್ನಲು ನನಗೂ ನಗು ಬರುತ್ತದೆ. ಆದರೆ ನಾನು ನಿಮ್ಮ ಮರಿಮೊಮ್ಮಗಳ ಮೊಮ್ಮಗಳು, ಬೇರೆ ಪದ ಹೊಳೆಯಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಕನ್ನಡ ಎಲ್ಲಾದರೂ ಎಡವಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿಲ್ಲದ ಮಾತುಗಳನ್ನು ಬಿಡಿಸಿ ಹೇಳುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಹೋಗುವ ಟಪಾಲು. ಹೊಸದಾಗಿ ಮದುವೆಯಾದವರಿಗೆ ಒಂದೇ ಹಾಳೆ ಸಿಗುತ್ತದೆ, ಹಿರಿಯರ ಆಶೀರ್ವಾದ ಬೇಡಲೆಂದು. ಮುಟ್ಟುತ್ತದೆಯೋ ಇಲ್ಲವೋ ಅಂಚೆಯವರೂ ಹೇಳಲಾರರು. ನಾನು ಆಶೀರ್ವಾದ ಬೇಡುತ್ತಿಲ್ಲ, ಬೇರೊಂದನ್ನು ಬೇಡುತ್ತಿದ್ದೇನೆ.

ನಮ್ಮ ಬೀದಿಗಳಿಗೆಲ್ಲ ಈಗ ಚಾವಣಿ ಇದೆ, ನೆರಳುಬೀದಿ ಎನ್ನುತ್ತೇವೆ. ಮಠದ ಬಾಗಿಲಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸು ನಿಲ್ಲುವಲ್ಲಿ ಕುಡಿಯುವ ನೀರಿನ ಪಕ್ಕ ಒಂದು ಮಿಡಿಪೆಟ್ಟಿಗೆ ತೂಗುತ್ತಿರುತ್ತದೆ. ನಿಂತ ಎದೆಗೆ ವಿದ್ಯುತ್ತಿನ ಪೆಟ್ಟು ಕೊಟ್ಟು ಎಬ್ಬಿಸುವ ಯಂತ್ರ ಅದು. ಮಾತಿನಲ್ಲಿ ತಾನೇ ದಾರಿ ತೋರಿಸುತ್ತದೆ, ಮಕ್ಕಳೂ ಬಳಸಬಲ್ಲರು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಮೊದಲು ಮದುಮಕ್ಕಳು ಒಂದು ಬಟ್ಟೆಯ ಗೊಂಬೆಯ ಎದೆ ಒತ್ತಿ ತೋರಿಸಬೇಕು. ಆ ಗೊಂಬೆಗೆ ಬಟ್ಟೆ ಮಾವ ಎಂದು ಹೆಸರು. ಬೀಗರು ಸುತ್ತ ನಿಂತು ಅಣಕಿಸುತ್ತಾರೆ. "ಮೆಲ್ಲಗ ಒತ್ತಬ್ಯಾಡವಾ, ನಾಳೆ ಈ ಮಾವನ ಕೈಯಾಗಿಂದನ ಮನಿ ಕೀಲಿಕೈ ತಗೋಬೇಕು" ಎಂದು ನಮ್ಮ ಸೋದರತ್ತೆ ಕೂಗಿದರು. ನಾನು ನಗುತ್ತಲೇ ಒತ್ತಿದೆ.

ಊಟದ ಪಂಕ್ತಿಯಲ್ಲಿ ಮಾವ ಶಿವಯೋಗಪ್ಪನವರು ಹೋಳಿಗೆ ಬಡಿಸುತ್ತಲೇ ಕುಸಿದರು. ಕಲಿತದ್ದೆಲ್ಲ ಗಾಬರಿಯಲ್ಲಿ ಹಾರಿಹೋಗುತ್ತದೆ ಅಜ್ಜಿ. ಗಂಡನ ತಾಯಿ, ನಮ್ಮ ಅತ್ತೆ, ಚೊಂಬು ಹಿಡಿದು ಓಡಿಬಂದರು. "ಉಸರ ಐತಿ, ಗೊರಕಿ ಹೊಡ್ಯಾಕತ್ತಾರ. ಬಾಯಾಗ ನೀರ ಬಿಡ್ರಿ." ಅದು ಉಸಿರಲ್ಲ ಎಂದು ನನಗೆ ಗೊತ್ತಿತ್ತು. ಹೃದಯ ನಿಂತ ಮೇಲೂ ಬಿಟ್ಟು ಬಿಟ್ಟು ಬರುವ ಏದುಸಿರು ಅದು, ಗೊರಕೆಯಂತೆಯೇ ಕೇಳುತ್ತದೆ. "ಅತ್ತಿ, ಚೊಂಬು ಕೆಳಗ ಇಡ್ರಿ" ಎಂದೆ. ಯಾರೋ ಮುದುಕಿ ಹಿಂದಿನಿಂದ, "ಹೊಸ ಸೊಸಿ ಮಾವನ ಮೈ ಮುಟ್ಟೂದೇನ?" ಎಂದಳು. ಅಷ್ಟರಲ್ಲಿ ನನ್ನ ಅಂಗೈ ಅವರ ಎದೆಯ ನಡುವೆ ಇತ್ತು. ನಾನು ದಣಿದಾಗ ನನ್ನ ಗಂಡ ಓಂಕಾರ, ಅವರು ದಣಿದಾಗ ಮತ್ತೆ ನಾನು. ಮಿಡಿಪೆಟ್ಟಿಗೆ ಬಂತು, ಪೆಟ್ಟು ಕೊಟ್ಟಿತು, ಎದೆ ಮತ್ತೆ ಮಿಡಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮಾವ ಮೊದಲು ಹೇಳಿದ್ದು, "ಸೊಸಿ ಮನಿ ತುಂಬೂದಕ್ಕ ಮೊದಲ ನನ್ನ ಎಲಬು ಮುರದ್ಲು." ಪಕ್ಕೆಲುಬು ನಿಜವಾಗಿಯೂ ಮುರಿದಿತ್ತು. ನಾನು ಅತ್ತು ಅತ್ತು ಮೂಗು ಕೆಂಪಾಗಿ, ಮದುವೆಯ ಒಂದು ಫೋಟೋದಲ್ಲೂ ಚೆನ್ನಾಗಿಲ್ಲ.

ಈಗ ನಗುವ ಮಾತು ಮುಗಿಯಿತು. ಬಟ್ಟೆ ಮಾವನನ್ನು ಮೊದಲು ಹೊಲಿದವರು ನೀವು. ನಿಮ್ಮ ಮಾವ ಚನ್ನವೀರಪ್ಪನವರ ಧೋತರ ಹರಿದು, ಅವರು ತೀರಿದ ವರ್ಷ. ನಿಮಗೆ ಇನ್ನು ಬರಲಿರುವ ಕಾರಹುಣ್ಣಿಮೆಯ ಮರುದಿನ, ನಿಮ್ಮ ಬಸುರಿ ನಾದಿನಿಯ ಕುಬುಸದ ಹೊತ್ತಿನಲ್ಲಿ ಅವರು ಅಂಗಳದಲ್ಲಿ ಬೀಳುತ್ತಾರೆ. ಅಂಗಳದ ತುಂಬ ಜನ. ಗೊರಕೆ ಕೇಳಿ ಉಸಿರಿದೆ ಎನ್ನುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ನಮ್ಮವರು ಬಾಯಿಗೆ ನೀರು ಬಿಡುವುದು ಸಾಯುವವರಿಗೆ ಅಲ್ಲವೇ? ಬದುಕಬೇಕಾದವರಿಗೂ ಅದನ್ನೇ ಮಾಡುತ್ತಾರೆ. ಕಾಲೇಜಿನ ಶಿಬಿರದಲ್ಲಿ ಎದೆ ಒತ್ತಲು ಕಲಿತ ನೀವೊಬ್ಬರೇ ಬಲ್ಲವರು. ಮಾವನನ್ನು ಮುಟ್ಟಬಾರದೆಂದು ಯಾರೋ ತಡೆಯುತ್ತಾರೆ. ಸೆರಗು ಹಿಡಿದು ಹೊಸ್ತಿಲಲ್ಲೇ ನಿಲ್ಲುತ್ತೀರಿ. ನಿಮ್ಮದೇ ಮಾತು ಮನೆತನದಲ್ಲಿ ಉಳಿದಿದೆ: "ಕೈಗೆ ಗೊತ್ತಿತ್ತು, ಕಾಲಿಗೆ ಧೈರ್ಯ ಸಾಲಲಿಲ್ಲ."

ಹೊಸ್ತಿಲು ದಾಟಿ ಅಜ್ಜಿ. ಭುಜ ತಟ್ಟಿ ಕರೆಯಿರಿ. ಓಗೊಡದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ಒಬ್ಬರ ಹೆಸರು ಹಿಡಿದೇ ಕೂಗಿ 108ಕ್ಕೆ ಫೋನ್ ಮಾಡಿಸಿ. ಎಲ್ಲರಿಗೂ ಹೇಳಿದರೆ ಯಾರೂ ಮಾಡುವುದಿಲ್ಲ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಟ್ಟನಡುವೆ ಅಂಗೈಯ ಬುಡ ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಒತ್ತಿ. ಗಡಿಯಾರ ಒಮ್ಮೆ ಟಿಕ್ ಎನ್ನುವುದರೊಳಗೆ ಸುಮಾರು ಎರಡು ಸಲ. ಎದೆ ಎರಡು ಅಂಗುಲ ತಗ್ಗಲಿ, ಪ್ರತಿ ಸಲ ಪೂರ್ತಿ ಮೇಲೇಳಲಿ. ಎಲುಬು ಮುರಿದ ಸದ್ದು ಬಂದರೂ ನಿಲ್ಲಿಸಬೇಡಿ. ದಣಿದರೆ ಪಕ್ಕದವರ ಕೈಗೆ ಕೊಡಿ. ಅಂಬುಲೆನ್ಸ್ ಬರುವವರೆಗೂ ಒತ್ತುತ್ತಲೇ ಇರಲಿ. ಎಷ್ಟು ಮಾಡಿದರೂ ಕೆಲವರು ಬದುಕುವುದಿಲ್ಲ. ಆಗಲೂ ಅದು ನಿಮ್ಮ ಕೈಯ ತಪ್ಪಲ್ಲ.

ಒಂದು ಭಯ ನನ್ನನ್ನು ಕಾಡುತ್ತಿದೆ. ಚನ್ನವೀರಪ್ಪನವರು ಬದುಕಿಬಿಟ್ಟರೆ ನೀವು ಗೊಂಬೆ ಹೊಲಿಯದೆ ಇರಬಹುದು. ಗೊಂಬೆ ಇಲ್ಲದಿದ್ದರೆ ನಾನು ಕಲಿಯುತ್ತಿರಲಿಲ್ಲ, ಶಿವಯೋಗಪ್ಪನವರು ಇರುತ್ತಿರಲಿಲ್ಲ. ಆದರೂ ನಿಮ್ಮನ್ನು ಹೊಸ್ತಿಲಲ್ಲೇ ನಿಲ್ಲಿ ಎನ್ನಲು ನನ್ನಿಂದಾಗದು. ನಿಮ್ಮ ಮಾವ ಬದುಕಲಿ, ಅವರ ಧೋತರವನ್ನು ಅವರಿಂದಲೇ ಕೇಳಿ ಪಡೆದು ಗೊಂಬೆ ಹೊಲಿಯಿರಿ. ಓಣಿಯ ಸೊಸೆಯರನ್ನೆಲ್ಲ ಕರೆದು ಕೂರಿಸಿ, ಗಂಡಸರನ್ನೂ.

ಕೊಪ್ಪಳದ ನಮ್ಮ ಹೊಲದಲ್ಲಿ ಚನ್ನವೀರಪ್ಪನವರ ಸಮಾಧಿ ಇದೆ, ಕಲ್ಲಿನ ಮೇಲೆ ಅವರು ತೀರಿದ ಇಸವಿ ಕೆತ್ತಿದೆ. ಆ ಇಸವಿ ಬದಲಾಗಿದೆಯೇ ಎಂದು ನಾನೇ ಮುಟ್ಟಿ ಓದಬೇಕು. ನಮ್ಮ ಮಾವನವರೂ ಜೊತೆಗೆ ಬರುತ್ತೇನೆಂದಿದ್ದಾರೆ. ಅವರಿಗೆ ಬರಲಾದರೆ ಇಬ್ಬರೂ, ಇಲ್ಲವಾದರೆ ನಾನೊಬ್ಬಳೇ, ಬರುವ ಸೋಮವಾರ ಬೆಳಗಿನ ರಾಯಚೂರು–ಗದಗ ಪ್ಯಾಸೆಂಜರ್ ರೈಲಿನಲ್ಲಿ ಬಂದು ಕೊಪ್ಪಳದಲ್ಲಿ ಇಳಿಯುವುದು ಖಂಡಿತ.

ನಿಮ್ಮ
ನೀಲವೇಣಿ