ತಪ್ಪಿಗೆ ಎತ್ತಿಟ್ಟ ರೊಟ್ಟಿ

೨೧೫೮ನೇ ಇಸವಿ, ಜನವರಿ ಹನ್ನೊಂದು, ಬುಧವಾರ
ಖಾನಾವಳಿ, ಸರೋವರದ ದಂಡೆ

ರಾಜೇಶ್ವರಿ,

ಮೇಲಿನ ತಾರೀಖು ನೋಡಿ ಕಾಗದ ಬಿಸಾಡಬೇಡ. ನೀನೀಗ ೨೦೨೬ರಲ್ಲಿ, ಅಮೆರಿಕದ ಇದೇ ಕಾಲೇಜು ಊರಿನಲ್ಲಿ ಓದುತ್ತಿರುವ ಇಪ್ಪತ್ಮೂರರ ಹುಡುಗಿ. ನಾನು ಅರವತ್ತೆಂಟರ ನೀಲವ್ವ, ನಿನ್ನ ಮೊಮ್ಮಗಳ ಮಗಳು. ವಯಸ್ಸಿನಲ್ಲಿ ನೀನು ಚಿಕ್ಕವಳು, ಸಂಬಂಧದಲ್ಲಿ ಹಿರಿಯಳು. ಅವ್ವನನ್ನೂ, ಆಯಿ ಎನ್ನುವ ಅಜ್ಜಿಯನ್ನೂ ನಾವು ಏಕವಚನದಲ್ಲೇ ಕರೆಯುವುದರಿಂದ ನೀನು ಎಂದೇ ಬರೆಯುತ್ತೇನೆ. ಕಾಲದ ಹಿಂದಕ್ಕೆ ಹೋಗುವ ಟಪಾಲಿಗೆ ಇಲ್ಲಿ ಹಿನ್ನಂಚೆ ಎನ್ನುತ್ತಾರೆ. ಒಂದು ಮನೆತನಕ್ಕೆ ಒಂದೇ ಪತ್ರ. ನಾನು ಹೈಸ್ಕೂಲಿನವರೆಗೆ ಓದಿದವಳು. ನನ್ನ ಮಾತುಗಳು ನಿನಗೆ ವಿಚಿತ್ರ ಎನಿಸಿದರೆ ಕ್ಷಮಿಸು.

ನೀನಿನ್ನೂ ಖಾನಾವಳಿ ತೆರೆದಿಲ್ಲ. ತೆರೆಯುತ್ತೀ. ಈಗ ನೆಲಮಾಳಿಗೆಯ ಅಡುಗೆಮನೆಯಲ್ಲಿ ನೀವು ನಾಲ್ವರು ಹುಡುಗಿಯರು, ಗದಗಿನಿಂದ ತಂದ ಒಂದೇ ಹಂಚು. ನೀನು ರೊಟ್ಟಿ ಬಡಿಯುವಾಗ ಒಬ್ಬೊಬ್ಬರೂ ಆ ದಿನ ಕಲಿತ ಒಂದು ಸಂಗತಿ ಹೇಳಬೇಕು, ಹೇಳಿದ ಮೇಲೆ ರೊಟ್ಟಿ. ಆ ಆಟವೇ ನಮ್ಮ ಮನೆಯ ಪದ್ಧತಿಯಾಯಿತು. ಇವತ್ತಿಗೂ ನಲವತ್ತು ವಿದ್ಯಾರ್ಥಿಗಳು ಪಂಕ್ತಿಯಲ್ಲಿ ಕೂತು, ಕಲಿತದ್ದು ಹೇಳಿ, ಆಮೇಲೆ ಉಣ್ಣುತ್ತಾರೆ. ನಾನು ಕಾಲೇಜಿನ ಮೆಟ್ಟಿಲು ಹತ್ತದೆ ತಿಳಿದದ್ದೆಲ್ಲ ಈ ಪಂಕ್ತಿಯಿಂದಲೇ.

ಊರು ನೀನು ಕಂಡದ್ದಕ್ಕಿಂತ ಹೆಚ್ಚು ಗದ್ದಲದ್ದು. ಬೀದಿ ತುಂಬ ಬ್ಯಾಂಡು, ಬೇಸಿಗೆಯಲ್ಲಿ ದೋಣಿ, ಶನಿವಾರ ಆಟದ ಮೈದಾನದಿಂದ ಬರುವ ಕೂಗಿಗೆ ನಮ್ಮ ತಾಟುಗಳು ನಡುಗುತ್ತವೆ. ಓದುವುದೊಂದಿಲ್ಲ. ನಿಮ್ಮ ಕಾಲದಲ್ಲಿ ವಿದ್ಯೆ ಧಾರೆ ಎರೆಯುವುದು ಎಂದರೆ ಬರೀ ಮಾತು. ಇಲ್ಲಿ ಕಿವಿಯ ಹಿಂದೆ ಬಿಲ್ಲೆ ಅಂಟಿಸಿ ಒಂದೇ ಬೆಳಿಗ್ಗೆಯಲ್ಲಿ ನಾಲ್ಕು ವರ್ಷದ ಪಾಠ ಒಳಗೆ ಇಳಿಸುತ್ತಾರೆ. ಅದಕ್ಕೇ ಧಾರೆ ಎನ್ನುತ್ತಾರೆ. ಉಳಿದ ದಿನಗಳೆಲ್ಲ ಜಾತ್ರೆ. ಧಾರೆಯಾದವರಿಗೆ ಯಾವುದನ್ನೂ ತಪ್ಪು ಹೇಳಲು ಬರುವುದಿಲ್ಲ. ಪಂಕ್ತಿಯಲ್ಲಿ ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ಹೇಳುತ್ತಾನೆ, ಉಸಿರು ತೆಗೆದುಕೊಳ್ಳುವ ಜಾಗವೂ ಅದೇ.

ಇನ್ನು ನನ್ನ ತಪ್ಪು. ಹುಡುಗರು ನನಗೆ ಸುಳ್ಳು ಹೇಳಿ, ಓದದ ಮುದುಕಿ ಎಂದು ಹಿಂದಿನಿಂದ ನಗಬಾರದೆಂದು ನಿನ್ನ ಪದ್ಧತಿಗೆ ನಾನೊಂದು ಕಟ್ಟಳೆ ಸೇರಿಸಿದ್ದೆ. ತಪ್ಪು ಹೇಳಿದವರಿಗೆ ರೊಟ್ಟಿ ಇಲ್ಲ.

ನನ್ನ ಮೊಮ್ಮಗಳು ಶಿವಲೀಲಾ ಧಾರೆ ಒಲ್ಲೆ ಎಂದವಳು. ಇಡೀ ಕಾಲೇಜಿನಲ್ಲಿ ಅವಳೊಬ್ಬಳೇ ಪುಸ್ತಕ ಹಿಡಿದು ಓದುತ್ತಿದ್ದಳು, ನಿಧಾನವಾಗಿ, ಎಡವುತ್ತ. ಹೋದ ತಿಂಗಳು ಸರೋವರ ಹೆಪ್ಪುಗಟ್ಟಿತು. ಚಳಿಗೆ ಅದು ನರಳುವ ಸದ್ದು ನೀನೂ ಕೇಳಿರುತ್ತೀ. ಅವಳು ಮೂರು ದಿನ ದಂಡೆಯಲ್ಲಿ ಕೂತು ಕೇಳಿ, ಮೂಗು ಕೆಂಪಗೆ ಮಾಡಿಕೊಂಡು ಬಂದು ಪಂಕ್ತಿಯಲ್ಲಿ ಹೇಳಿದಳು: "ಆಯಿ, ಕೆಳಗಿನ ನೀರಿಗೆ ಉಸಿರಾಡಾಕ ಜಾಗ ಬೇಕಾಗೇತಿ. ಅದಕ್ಕ ಗಡ್ಡಿ ದಬ್ಬತೈತಿ."

ಪಂಕ್ತಿಯೆಲ್ಲ ನಕ್ಕಿತು. ಮಂಜುಗಡ್ಡೆ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಸದ್ದದು ಎಂದು ನಲವತ್ತು ಬಾಯಿ ಒಟ್ಟಿಗೆ ಒಪ್ಪಿಸಿದವು. ಎದುರು ಕೂತಿದ್ದ ಹುಡುಗನೊಬ್ಬ, "ನೀಲವ್ವಾರ, ನಿಮ್ಮ ಮೊಮ್ಮಗಳಿಗೆ ಮೀನುಗೋಳು ಟ್ಯೂಷನ್ ಹೇಳತಾವೇನ್ರೀ?" ಎಂದ.

ನನಗೆ ಮುಖ ಎತ್ತಲಾಗಲಿಲ್ಲ. ಅವಳ ತಾಟಿನಿಂದ ರೊಟ್ಟಿ ತೆಗೆದೆ.

"ನಾಳೆ ಮತ್ತ ಹೋಗಿ ಕೇಳತೀನಿ, ಆಯಿ. ತಪ್ಪಿದ್ರ ತಿದ್ದಕೋತೀನಿ."

"ಈ ಮನ್ಯಾಗ ತಪ್ಪಿಗೆ ರೊಟ್ಟಿ ಇಲ್ಲ. ಏಳು."

ಎದ್ದಳು. ಮರುದಿನ ಹೋದದ್ದು ಸರೋವರಕ್ಕಲ್ಲ. ಊಟಕ್ಕೆ ಬಂದಾಗ ಕಿವಿಯ ಹಿಂದೆ ಬಿಲ್ಲೆಯ ಗುರುತಿತ್ತು. ನಲವತ್ತು ಜನ ಹೇಳಿದ್ದನ್ನೇ ಹೇಳಿದಳು, ಉಸಿರು ತೆಗೆದುಕೊಂಡದ್ದೂ ಅದೇ ಜಾಗದಲ್ಲಿ. ನಾನು ರೊಟ್ಟಿ ನೀಡಿದೆ. ಉಂಡಳು, ತಾಟು ತೊಳೆದಿಟ್ಟಳು. ಒಂದು ವಾರ ಬಿಟ್ಟು ನಾನೇ ಕೇಳಿದೆ, ದಂಡೆಗೆ ಯಾಕೆ ಹೋಗುತ್ತಿಲ್ಲ ಎಂದು.

"ಯಾಕ ಹೋಗಬೇಕ, ಆಯಿ? ಗೊತ್ತೈತಲ್ಲ."

ಅತ್ತು ಬರೆಯುವವಳಲ್ಲ ನಾನು. ಪಂಕ್ತಿಯ ಮುಂದೆ ಕಟ್ಟಳೆ ತೆಗೆದುಹಾಕಿದ್ದೇನೆ. ಆದರೆ ಉಣ್ಣುವವರಲ್ಲಿ ತಪ್ಪಲು ಬಲ್ಲವರು ಯಾರೂ ಉಳಿದಿಲ್ಲ. ಆದ್ದರಿಂದ ನಿನ್ನಲ್ಲಿ ಒಂದೇ ಕೇಳಿಕೆ. ಈ ಚಳಿಗಾಲದಲ್ಲಿ, ಈ ಊರಿನ ಬಗ್ಗೆ, ಹಿಮದ ಬಗ್ಗೆ, ನಿನ್ನ ಪಾಠಗಳ ಬಗ್ಗೆ ನೀನು ತಪ್ಪು ತಿಳಿದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆ. ಗೀಟೆಳೆದು ಕಾಟು ಹೊಡೆಯಬೇಡ. ಸರಿ ಇರುವುದು ನಮ್ಮಲ್ಲಿ ಕೊಳೆಯುವಷ್ಟಿದೆ, ಅದನ್ನು ಕಳಿಸಬೇಡ. ಬರೆದದ್ದನ್ನು ಹಂಚಿನ ಜೊತೆ ಅರಿವೆಯಲ್ಲಿ ಕಟ್ಟಿಡು. ಅದೇ ಹಂಚಿನಲ್ಲಿ ನಾನಿಂದು ರೊಟ್ಟಿ ಸುಡುತ್ತೇನೆ. ನೀನು ಕಟ್ಟಿಟ್ಟದ್ದು ನನಗೆ ತಲುಪಲೇಬೇಕು. ಬೆಳಿಗ್ಗೆ ಹಂಚು ಇಡುವ ಗೂಡಿನಲ್ಲಿ ಕೈ ಹಾಕಿ ನೋಡಿದೆ, ಏನೂ ಇರಲಿಲ್ಲ. ಪತ್ರ ಇನ್ನೂ ಹೋಗಿಲ್ಲವಲ್ಲ. ನಾಳೆಯೂ ನೋಡುತ್ತೇನೆ.

ಸಿಕ್ಕರೆ ಶಿವಲೀಲಾಳ ಕೈಗೆ ಕೊಟ್ಟು ಪಂಕ್ತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಆ ದಿನ ಅವಳ ತಾಟಿನಿಂದ ತೆಗೆದ ರೊಟ್ಟಿ ಕಪಾಟಿನಲ್ಲಿ ಹಾಗೇ ಇದೆ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಅವಳ ಬಾಯಿಂದ ಅವಳದೇ ಒಂದು ತಪ್ಪು ಬರಲಿ, ಅಲ್ಲಿಯವರೆಗೆ ಅದನ್ನು ಯಾರಿಗೂ ನೀಡುವುದಿಲ್ಲ.

ನಿನ್ನ ಮನೆಯವಳು,
ನೀಲವ್ವ