ಗುಡ್ಡದ ಮೇಲಿನ ಕಪ್ಪು ಬಂಡೆಗಳು

ಹಿರಿಯೂರು, ಮಂಗಳವಾರ

ಚಿಕ್ಕಮ್ಮಾ,

ಮಾರಿಕಣಿವೆ ಅಣೆಕಟ್ಟೆಯ ನೀರು ನೋಡಿ ಬೆರಗಾಗಿಬಿಟ್ಟೆ. ಕಡಲ ಮಗ್ಗುಲಲ್ಲಿ ಹುಟ್ಟಿದ ನನಗೂ ಇದು ಕಡಲೇ! ಮೊನ್ನೆ ಕಟ್ಟೆಯ ಮೇಲಿಂದ ತೆಗೆದ ಫೋಟೊ ನೋಡಿಕೊಂಡು ನೀರು, ಗುಡ್ಡ, ಇಳಿಜಾರಿನ ಕಪ್ಪು ಬಂಡೆ ಎಲ್ಲವನ್ನೂ ಬಣ್ಣದಲ್ಲಿ ಬರೆದೆ. ಕುರಿ ಕಾಯುವ ಬರಗೇರಮ್ಮ ಬಂದವರು ನನ್ನ ಫೋನಿನಲ್ಲಿದ್ದ ಫೋಟೊ ನೋಡಿ, "ಇವು ಬಂಡೆ ಅಲ್ಲ ಕಣವ್ವ, ನನ್ ಕುರಿ. ಹಿಂದೆ ನಿಂತಿರೋದು ಕುಂಟಿ" ಎಂದರು. ದೊಡ್ಡದು ಮಾಡಿ ನೋಡಿದರೆ ನಿಜಕ್ಕೂ ಕಾಲುಗಳು! ಎಂಥ ಕಣ್ಣು ಚಿಕ್ಕಮ್ಮಾ ಅವರದು! ಆಮೇಲೆ ನನ್ನ ಚಿತ್ರ ನೋಡಿ ಕೇಳಿದರು: "ಕಲ್ಲು ಮಾಡಿಬಿಟ್ಟೆಯಲ್ಲವ್ವ, ಈಗ ನೀರಿಗೆ ಹೆಂಗ್ ಇಳೀತಾವೆ?"

ಕೆಮ್ಮು ವಾಸಿಯಾಗಿದೆ. ಭಾನುವಾರ ಬರಲಾಗುವುದಿಲ್ಲ. ಇನ್ನೂ ಇಪ್ಪತ್ತೆರಡು ಕುರಿಗೆ ಕಾಲು ಬರೆಯಬೇಕು.

ನಿನ್ನ ವಿನುತಾ